ನಲವತ್ತೆಂಟು

ಬೆಳಿಗ್ಗೆ ಔಷಧಿ ಅಂಗಡಿಯ ಹುಡುಗಿ ಆಡಿದ ಒಂದು ಮಾತು ಮಧ್ಯಾಹ್ನವಾದರೂ ಚನ್ನಬಸಪ್ಪನವರ ತಲೆಯಿಂದ ಇಳಿದಿರಲಿಲ್ಲ. ಬಿಪಿ ಮಾತ್ರೆಗಳನ್ನು ನೀಲಿ ತಟ್ಟೆಯ ಮೇಲೆ ಸುರಿದು, ಚಪ್ಪಟೆ ಕಡ್ಡಿಯಿಂದ ಐದೈದಾಗಿ ಸರಿಸಿ ಎಣಿಸಿದವಳು, ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಗುಡ್ಡೆ ಮಾಡಿ ಮೊದಲಿನಿಂದ ಎಣಿಸಿದ್ದಳು. ಎರಡೆರಡು ಸಲ ಯಾಕೆ ಎಂದು ಇವರು ಕೇಳಿದ್ದಕ್ಕೆ ತಲೆ ಎತ್ತದೆ, "ಐ ಆಲ್ವೇಸ್ ಕೌಂಟ್ ಟ್ವೈಸ್ ಫಾರ್ ಯೂ, ಅಂಕಲ್" ಎಂದಿದ್ದಳು. ನಗಲಿಲ್ಲ, ಮುಖ ಗಂಟೂ ಹಾಕಲಿಲ್ಲ. ಎದೆಯ ಮೇಲಿನ ಬಿಲ್ಲೆಯಲ್ಲಿ ಮಾಲವಿಕಾ ಎಂದಿತ್ತು. ಕಾರಿನಲ್ಲಿ ಕೂತು ಹೀಟರು ಬಿಸಿಯಾಗಲಿ ಎಂದು ಕಾಯುವಾಗ ನೆನಪಾಯಿತು, ಇವಳು ರಾಮಮೂರ್ತಿಯ ಮಗಳು. ಆರೇಳು ವರ್ಷದ ಹಿಂದೆ ಥಾರ್ನ್‌ಹಿಲ್ಲಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅದೇ ಬೆತ್ತದ ಕುರ್ಚಿಯ ಮೇಲೆ ಕೂತು ತಪ್ಪು ಉತ್ತರ ಹೇಳಿದ್ದಳು. ತಾವು ಚೀಟಿಯ ಮೇಲೆ 'ಒಂದು' ಎಂದು ಬರೆದು ಕೊಟ್ಟಿದ್ದರು. ಈಗ ಮಾತ್ರೆ ಎಣಿಸುತ್ತಾಳೆ. ತಾವು ಸರಿಯಾಗಿಯೇ ಅಳೆದಿದ್ದೆವಲ್ಲ, ಪಾಪ, ಎಣಿಸುವುದೂ ಇವಳಿಗೆ ಒಂದೇ ಸಲಕ್ಕೆ ಆಗುವುದಿಲ್ಲ ಎಂದುಕೊಂಡು ಗಾಡಿ ತಿರುಗಿಸಿದರು. ಆದರೆ 'ಫಾರ್ ಯೂ' ಎಂದಳಲ್ಲ, ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಲೇ ಇತ್ತು. ಇನ್ನೊಬ್ಬರಿಗಾದರೆ ಒಂದೇ ಸಲ ಎಣಿಸುತ್ತಾಳೇನು?

ಫೆಬ್ರವರಿ ಬಂತೆಂದರೆ ಚನ್ನಬಸಪ್ಪನವರ ಶನಿವಾರಗಳು ತುಂಬಿಹೋಗುತ್ತವೆ. ಮುಂದಿನ ವರ್ಷ ಯಾವ ಯಾವ ವಿಷಯ ಓದುತ್ತೇನೆಂದು ಹೈಸ್ಕೂಲಿನ ಮಕ್ಕಳು ಬರೆದುಕೊಡುವ ಫಾರ್ಮು ಆಗಲೇ ಬರುವುದು. ಕೆಳಗೆ ಅಪ್ಪನ ಸಹಿ ಬೀಳಬೇಕು. ಮಾಮೂಲಿ ವಿಷಯಗಳಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲವೆಲ್ಲ ಎಪಿಯದು, ಹೈಸ್ಕೂಲಿನಲ್ಲೇ ಕೂರಿಸಿ ಯುನಿವರ್ಸಿಟಿ ಮಟ್ಟದ ಪಾಠ ಹೇಳುವ ಆ ಭಾರದ ಕೋರ್ಸುಗಳದು. ಒಂದು ತಗೊಂಡರೆ ಸಾಕೋ, ಮೂರೋ, ಒಟ್ಟಿಗೆ ಐದೋ? ಕಮ್ಮಿಯಾದರೆ ಮಗು ಹಿಂದೆ ಬೀಳುತ್ತದೆ, ಜಾಸ್ತಿಯಾದರೆ ಮುಗ್ಗರಿಸಿ ಎಲ್ಲದರಲ್ಲೂ ಮಾರ್ಕು ಇಳಿಯುತ್ತದೆ. ಯಾವ ತಂದೆತಾಯಿಗೆ ಧೈರ್ಯ ಬರುತ್ತದೆ? ಹೀಗಾಗಿ ಕನ್ನಡದವರಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ: ಚನ್ನಬಸಪ್ಪ ಸರ್ ಹತ್ತಿರ ಕೇಳಿಕೊಂಡು ಬರುವುದು. ಅವರು ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲೇ ಕೆನಡಾಕ್ಕೆ ಬಂದವರು, ವಿದ್ಯುತ್ ಕಂಪನಿಯಲ್ಲಿ ದೊಡ್ಡ ಎಂಜಿನಿಯರಾಗಿ ನಿವೃತ್ತರಾದವರು. ಮಾರ್ಕ್ಸ್‌ಕಾರ್ಡು ನೋಡುವುದಿಲ್ಲ. ಮಗುವಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತಾರೆ, ಉತ್ತರ ಕೇಳಿ ಚೀಟಿಯ ಮೇಲೆ ಒಂದು ಅಂಕಿ ಬರೆದು ಕೊಡುತ್ತಾರೆ. ಆ ಚೀಟಿಯನ್ನು ಜನ ಫಲಿತಾಂಶ ಬರುವ ತನಕ ದೇವರ ಜಗಲಿಯ ಮೇಲೆ ಇಡುತ್ತಾರಂತೆ. ಇದನ್ನು ಕೇಳಿದಾಗ ಅವರು ಛೇ ಛೇ ಎಂದರು, ಮತ್ತು ಆ ದಿನ ಎರಡು ರೊಟ್ಟಿ ಹೆಚ್ಚು ತಿಂದರು.

ಪ್ರಶ್ನೆ ಗಡಿಯಾರದ್ದು. ಕಂಪನಿಯವರು ಬೀಳ್ಕೊಡುವಾಗ ಕೊಟ್ಟ ಗುಂಡು ಗಡಿಯಾರವನ್ನು ತೋರಿಸಿ ಕೇಳುತ್ತಾರೆ: ಇಡೀ ದಿನದಲ್ಲಿ ಈ ಎರಡು ಮುಳ್ಳು ಎಷ್ಟು ಸಲ ಕಾಟಕೋನವಾಗಿ ನಿಲ್ಲುತ್ತವೆ? ಈಗಿನ ಮಕ್ಕಳಿಗೆ ಆ ಶಬ್ದ ತಿಳಿಯದೆಂದು ಹೆಬ್ಬೆರಳು ತೋರುಬೆರಳು ಅಗಲಿಸಿ ನೇರ ಮೂಲೆ ಮಾಡಿಯೂ ತೋರಿಸುತ್ತಾರೆ. ದಡ್ಡರು ಇಪ್ಪತ್ತನಾಲ್ಕು ಎನ್ನುತ್ತಾರೆ, ಅವರಿಗೆ ಎಪಿಯ ಗೊಡವೆಯೇ ಬೇಡ. ಸರಿಯಾದ ಉತ್ತರ ನಲವತ್ತೆಂಟು: ತಾಸಿಗೆ ಎರಡು ಸಲ, ಇಪ್ಪತ್ತನಾಲ್ಕು ತಾಸು. ಹಾಗೆಂದವರಿಗೆ ನಾಲ್ಕೋ ಐದೋ. ಇವೆರಡರ ನಡುವೆ ಇನ್ನೊಂದು ಜಾತಿಯಿದೆ, ಅಪರೂಪದ್ದು. ಅವರು ಬಹಳ ಹೊತ್ತು ಕೂತು ನಲವತ್ತನಾಲ್ಕು ಎನ್ನುತ್ತಾರೆ. ದಾರಿ ಗೊತ್ತು, ನಿಗಾ ಇಲ್ಲ. ಎಲ್ಲೋ ನಾಲ್ಕು ತಪ್ಪಿಸಿಕೊಂಡಿರುತ್ತಾರೆ. ಇಂಥವರ ತಲೆಯ ಮೇಲೆ ಭಾರ ಹೊರಿಸಿದರೆ ಮುಳುಗಿಹೋಗುತ್ತಾರೆಂದು ಚನ್ನಬಸಪ್ಪನವರೇ ಸ್ವಂತ ಸಿದ್ಧಾಂತವೊಂದನ್ನು ಕಟ್ಟಿ, ಅವರಿಗೆ ಒಂದೇ ಎಂದು ಗೊತ್ತುಮಾಡಿದ್ದರು. ತಮ್ಮ ಮಗಳಿಂದಲೇ ಈ ಸಿದ್ಧಾಂತ ಶುರುವಾಯಿತು. ವಸುಧಾಳೂ ಆಗ ಏನೋ ತಪ್ಪು ಹೇಳಿದ್ದಳು. ಏನೆಂದು ಈಗ ನೆನಪಿಲ್ಲ, ತಪ್ಪಾಗಿದ್ದು ಮಾತ್ರ ನೆನಪಿದೆ. ಎಪಿ ಗಿಪಿ ಇಲ್ಲದ ಕಾಲ, ಮೂರು ಗಣಿತ ತಗೋತೇನೆಂದು ಕುಣಿಯುತ್ತಿದ್ದವಳಿಗೆ ಒಂದು ಸಾಕೆಂದು ಟೈಪಿಂಗಿಗೆ ಹಾಕಿದ್ದರು. ಒಳ್ಳೆಯದೇ ಆಯಿತು. ಹಲ್ಲಿನ ಡಾಕ್ಟರರ ಆಫೀಸಿನಲ್ಲಿ ಫೋನು ಎತ್ತುತ್ತಾಳೆ, ಮದುವೆ ಗಿದುವೆ ಎಂದು ಹೋಗದೆ ಮನೆಯಲ್ಲೇ ಇದ್ದಾಳೆ, ಶನಿವಾರ ಯಾರು ಎಷ್ಟು ಗಂಟೆಗೆ ಬರುತ್ತಾರೆಂದು ಬರೆದಿಟ್ಟು ಅವಲಕ್ಕಿ ಒಗ್ಗರಣೆ ಹಾಕುತ್ತಾಳೆ.

ಇವತ್ತು ಮೂರಕ್ಕೆ ಎರಿನ್ ಮಿಲ್ಸಿನಿಂದ ದಾನಪ್ಪನ ಸಂಸಾರ, ನಾಲ್ಕಕ್ಕೆ ರಾಧಿಕಾ ಎಂಬವಳ ಮಗ. ದಾನಪ್ಪ ಹತ್ತು ನಿಮಿಷ ಮೊದಲೇ ಬಂದ. ಹುಬ್ಬಳ್ಳಿ ಕಡೆಯವನು, ಓಕ್‌ವಿಲ್ಲಿನ ಕಾರು ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಲೈನಿನ ಮೇಲೆ ನಿಲ್ಲುತ್ತಾನೆ. ಹೆಂಡತಿ ಗುರುಬಸವ್ವ ಚಪಾತಿ ಪ್ಯಾಕು ಮಾಡುವ ಫ್ಯಾಕ್ಟರಿಯಲ್ಲಿ. ಮಗಳು ಅಕ್ಷರಾ, ಹದಿನಾರು ಹದಿನೇಳರವಳು, ಹಿಂದೆ ನಿಂತಿದ್ದಳು. ಬೂಟು ಬಿಚ್ಚಿದಾಗ ದಾನಪ್ಪನ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ಅದನ್ನು ಇನ್ನೊಂದು ಪಾದದ ಕೆಳಗೆ ಮುಚ್ಚಿಕೊಂಡು ನಿಂತ. ಚನ್ನಬಸಪ್ಪನವರು ಬೇಕೆಂತಲೇ ಅಲ್ಲಿಯೇ ನೋಡುತ್ತ, ಬರ್ರಿ ಬರ್ರಿ ಎಂದರು. ಗುರುಬಸವ್ವ ಶೇಂಗಾ ಹೋಳಿಗೆಯ ಡಬ್ಬಿಯನ್ನು ಎರಡೂ ಕೈಯಿಂದ ಟೀಪಾಯಿಯ ಮೇಲೆ ಇಟ್ಟು, ಸೋಫಾದ ತುದಿಯಲ್ಲಿ ಕೂತಳು. ಹುಡುಗಿ ಹೇಳಿಸಿಕೊಳ್ಳದೆ ಬೆತ್ತದ ಕುರ್ಚಿಯಲ್ಲಿ ಕೂತಳು. ಅದು ಇವರಿಗೆ ಸ್ವಲ್ಪ ಹಿಡಿಸಲಿಲ್ಲ.

"ನಾಕು ತಗೋತೀನಂತಾಳ್ರಿ ಸರ," ದಾನಪ್ಪ ಫಾರ್ಮು ಬಿಡಿಸಿ ಹೇಳಿದ. "ನಾಕು ಒಟ್ಟಿಗೆ ತಗೊಂಡೋರಿಗೆ ವಾರದಾಗ ಎರಡು ಮಧ್ಯಾಹ್ನ ಯುನಿವರ್ಸಿಟಿ ಲ್ಯಾಬಿಗೆ ಕಳಸ್ತಾರಂತ್ರಿ ಅವರ ಸಾಲ್ಯಾಗ. ಮೂರು ತಗೊಂಡ್ರ ಇಲ್ಲಂತ. ಫಿಸಿಕ್ಸ್ ಟೀಚರ್ ಈಕಿ ಹೆಸರು ಮೊದಲ ಬರದಾರ. ನನಗ ಏನ್ ತಿಳೀತದರಿ? ಒಂದು ವಾರ ಡೇ ಶಿಫ್ಟು, ಒಂದು ವಾರ ನೈಟು. ಈಕಿ ಊಟ ಮಾಡ್ಯಾಳೊ ಇಲ್ಲೊ ಅನ್ನೂದ ನನಗ ಗೊತ್ತಿರಂಗಿಲ್ಲ. ನಾಳೆ ಹೊರೆ ಹೆಚ್ಚಾಗಿ ಏನರ ಆದ್ರ? ಅದಕ್ಕ, ನೀವು ಹೇಳಿದ್ರ ಮುಗೀತ್ರಿ. ಸೋಮವಾರ ಫಾರ್ಮು ಕೊಡೂದೈತಿ."

"ಡ್ಯಾಡ್, ಐ ವೋಂಟ್ ಡೈ," ಎಂದಳು ಹುಡುಗಿ. ನಾಲ್ಕು ಸಾಲಿನಲ್ಲಿ ಅವಳ ಪೆನ್ಸಿಲಿನ ಬರಹವಿತ್ತು: ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ. ಅಕ್ಷರ ದುಂಡಗಿತ್ತು. ಅಳಿಸಿದ ಗುರುತು ಒಂದೂ ಇರಲಿಲ್ಲ.

ಚನ್ನಬಸಪ್ಪನವರು ಕನ್ನಡಕ ಒರೆಸಿಕೊಂಡು, ಗಡಿಯಾರದ ಕಡೆ ಕೈಮಾಡಿ, ಎಂದಿನ ಪ್ರಶ್ನೆಯನ್ನು ಎಂದಿನ ಧಾಟಿಯಲ್ಲಿ ಕೇಳಿದರು. ಕೇಳುವಾಗಲೆಲ್ಲ ಆಗುವ ಹಾಗೆ ಇವತ್ತೂ ಕ್ಷಣಹೊತ್ತು ರಾಣೆಬೆನ್ನೂರಿನ ಹತ್ತಿರದ ಆ ಕನ್ನಡ ಸಾಲೆಗೆ ಹೋಗಿಬಂದರು: ಕೋಟು ತೊಟ್ಟ ಇನ್‌ಸ್ಪೆಕ್ಟರ ಸಾಹೇಬರು, ಮೇಜಿನ ಮೇಲೆ ಬಿಚ್ಚಿಟ್ಟ ಅವರ ಕಿಸೆಗಡಿಯಾರ, ಹಿಂದೆ ಬೆವರುತ್ತ ನಿಂತ ಮಾಸ್ತರು. ನಲವತ್ತೆಂಟ್ರೀ ಎಂದು ಒಂಬತ್ತು ವರ್ಷದ ಚನ್ನ ಕೂಗಿದಾಗ ಸಾಹೇಬರು ಶಾಬ್ಬಾಸ್ ಎಂದು ಬೆನ್ನು ತಟ್ಟಿದರು, ನಾಲ್ಕರಿಂದ ಸೀದಾ ಆರನೇ ಇಯತ್ತೆಗೆ ಡಬಲ್ ಪ್ರಮೋಷನ್ ಕೊಟ್ಟರು. ಸಾಹೇಬರ ಕೈಯ ಬಿಸಿ ಇನ್ನೂ ಬೆನ್ನ ಮೇಲಿದೆ. ಅದು ಇಲ್ಲದಿದ್ದರೆ ಎಂಜಿನಿಯರಿಂಗ್ ಎಲ್ಲಿ, ಕೆನಡಾ ಎಲ್ಲಿ? ಅಣ್ಣಂದಿರ ಹಾಗೆ ಅಂಗಡಿಯಲ್ಲಿ ಕೂತು ಮೆಣಸಿನಕಾಯಿ ತೂಗುತ್ತಿದ್ದರು.

"ಫಾರ್ಟಿ ಫೋರ್," ಎಂದಳು ಹುಡುಗಿ. ಒಂದು ನಿಮಿಷವೂ ಆಗಿರಲಿಲ್ಲ.

ಅವರಿಗೆ ಸಮಾಧಾನವೇ ಆಯಿತು. ಅಪರೂಪದ ಜಾತಿಯದೇ ಸಿಕ್ಕಿತಲ್ಲ ಎಂದು ಪೆನ್ನು ತೆಗೆದರು. "ಅವಸರ ಮಾಡಿದಿ," ಎಂದರು. "ಮತ್ತೊಮ್ಮೆ ಎಣಿಸು."

"ಎಣಿಸೀನಿ ಅಜ್ಜಾ. ತಾಸಿಗೆ ಎರಡು ಅಂತ ಹಿಡಿದ್ರ ಫಾರ್ಟಿ ಎಯ್ಟ್ ಆಗ್ತದ, ಬಟ್ ಅದು ರಾಂಗ್. ನೋಡ್ರಿ, ಎರಡರಿಂದ ಮೂರು, ಆ ತಾಸಿನೊಳಗ ಕಡೀಕ ಬರೂದು ಥ್ರೀ ಓ ಕ್ಲಾಕ್. ಮೂರರಿಂದ ನಾಕು, ಆ ತಾಸಿನೊಳಗ ಮೊದಲಿಗೆ ಬರೂದೂ ಥ್ರೀ ಓ ಕ್ಲಾಕ್. ಇಟ್ಸ್ ದ ಸೇಮ್ ಒನ್. ಅದನ್ನ ಎರಡು ಸಲ ಎಣಿಸಿದಂಗಾತು. ಒಂಬತ್ತಕ್ಕೂ ಹಂಗ. ದಿನಕ್ಕ ಎರಡು ಸಲ ಮೂರು, ಎರಡು ಸಲ ಒಂಬತ್ತು. ನಾಕು ಕಳೀರಿ." ಆಮೇಲೆ ಬೆರಳು ಎತ್ತಿ ಗೋಡೆಯ ಕಡೆ ತೋರಿಸಿದಳು. "ಈಗ ಮೂರೇ ಆಗೇದ ನೋಡ್ರಿ."

ಗಡಿಯಾರದಲ್ಲಿ ಸರಿಯಾಗಿ ಮೂರಾಗಿತ್ತು. ದೊಡ್ಡ ಮುಳ್ಳು ನೆಟ್ಟಗೆ ಮೇಲೆ, ಸಣ್ಣ ಮುಳ್ಳು ಅಡ್ಡ, ಬಡಗಿ ಗುಣಿಯ ಹಿಡಿದು ಗೆರೆ ಎಳೆದಷ್ಟು ನೇರ ಮೂಲೆ. ಒಂದೇ ಮೂಲೆ. ಚನ್ನಬಸಪ್ಪನವರು ಅದನ್ನು ನೋಡಿದರು, ಮತ್ತು ನೋಡಿದ ಕೂಡಲೇ ತಿಳಿಯಿತು. ತಿಳಿಯದೆ ಇರಲಿಕ್ಕೆ ಅವರೇನು ದಡ್ಡರೆ? ತಾವು ಇದೇ ಕುರ್ಚಿಯ ಎದುರು ಇದೇ ಗಡಿಯಾರದ ಕೆಳಗೆ ಎಷ್ಟು ಶನಿವಾರ ಮಧ್ಯಾಹ್ನ ಮೂರು ಗಂಟೆ ಕಂಡಿಲ್ಲ! ಐ ಆಲ್ವೇಸ್ ಕೌಂಟ್ ಟ್ವೈಸ್ ಫಾರ್ ಯೂ, ಅಂಕಲ್. ಔಷಧಿ ಅಂಗಡಿಯ ಆ ಮೂಕಿ ಇಷ್ಟು ದಿನದಿಂದ ಪ್ರತಿ ತಿಂಗಳೂ ನೀಲಿ ತಟ್ಟೆಯ ಮೇಲೆ ತಮ್ಮನ್ನು ಆಡಿಕೊಳ್ಳುತ್ತಿದ್ದಳು, ತಾವು ಥ್ಯಾಂಕ್ಯೂ ಹೇಳಿ ಬರುತ್ತಿದ್ದರು. ಹಾಗಾದರೆ ಇನ್‌ಸ್ಪೆಕ್ಟರ ಸಾಹೇಬರು? ಅವರಿಗೂ ಗೊತ್ತಿರಲಿಲ್ಲವೆ? ಬೆನ್ನ ಮೇಲಿನ ಕೈ ತಣ್ಣಗಾಯಿತು. ಮುಖಗಳು ಒಂದರ ಹಿಂದೊಂದು ಬರತೊಡಗಿದವು, ಒಂದು ಎಂದು ಬರೆಸಿಕೊಂಡು ಹೋದ ಆರೋ ಏಳೋ ಮುಖಗಳು. ಅವುಗಳಲ್ಲಿ ಒಂದಕ್ಕೂ ಅಳು ಬಂದದ್ದು ನೆನಪಿಲ್ಲ, ಎಲ್ಲವೂ ಅಪ್ಪನ ಕಡೆ ತಿರುಗಿ ನೋಡಿದ್ದವು, ಅಷ್ಟೆ. ಐದು ಎಂದು ಬರೆಸಿಕೊಂಡವರು ಎಷ್ಟು ಜನ, ಅವರು ಎಲ್ಲೆಲ್ಲಿ ಮುಗ್ಗರಿಸಿದರು, ಅದನ್ನು ಚನ್ನಬಸಪ್ಪನವರು ಯಾವತ್ತೂ ವಿಚಾರಿಸಿರಲಿಲ್ಲ.

"ಸರಿ ಅದ ಏನ್ರಿ ಸರ?" ಗುರುಬಸವ್ವ ಮೆಲ್ಲಗೆ ಕೇಳಿದಳು. ಕೋಣೆಯಲ್ಲಿದ್ದ ಮೂರು ಜನ ಇವರ ಬಾಯಿ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಸವಟಿನ ಸಪ್ಪಳವೂ ನಿಂತಿತ್ತು. ಸರಿ ಅದ ಎಂದರೆ ಮುಗಿಯುತ್ತಿತ್ತು. ನಾಲ್ಕು ಎಂದು ಬರೆದರೆ ಆಯಿತು, ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಪೆನ್ನಿನ ತುದಿ ಚೀಟಿಗೆ ಮುಟ್ಟಿಯೂ ಇತ್ತು. ಆಗ ಆ ಹುಡುಗಿ ಇವರ ಮುಖದಲ್ಲಿ ಏನು ಕಂಡಳೋ, ದನಿ ತಗ್ಗಿಸಿ, ಬಿದ್ದ ಮಗುವನ್ನು ಎತ್ತುವವರ ಹಾಗೆ, "ಇಟ್ಸ್ ಓಕೆ ಅಜ್ಜಾ. ಭಾಳ ಮಂದಿ ಹಂಗ ಎಣಿಸ್ತಾರ," ಎಂದಳು.

ಭಾಳ ಮಂದಿ. ಕಾಲುಚೀಲ ಹರಿದವನ ಮಗಳು ತಮ್ಮನ್ನು ಭಾಳ ಮಂದಿಯೊಳಗೆ ಸೇರಿಸಿ ಸಮಾಧಾನ ಹೇಳುತ್ತಿದ್ದಾಳೆ! ಅವಳು ಜಂಬ ಮಾಡಿದ್ದರೆ ಕ್ಷಮಿಸಬಹುದಿತ್ತು ಎಂದು ಚನ್ನಬಸಪ್ಪನವರು ಆಮೇಲೆ ಅಂದುಕೊಂಡರು. ಅದು ಸುಳ್ಳು. ಜಂಬ ಮಾಡಿದ್ದರೂ ಅವರು ಕ್ಷಮಿಸುತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಆ ಹುಡುಗಿಯ ಮೇಲೆ ಶುದ್ಧವಾದ ದ್ವೇಷ ಹುಟ್ಟಿತು, ಎಷ್ಟು ಶುದ್ಧವೆಂದರೆ ವಯಸ್ಸೇ ಇಳಿದ ಹಾಗಾಯಿತು. ಚೀಟಿಯ ಮೇಲೆ 1 ಎಂದು ಬರೆದು, ಕೆಳಗೆ ಗೆರೆ ಎಳೆದು, ದಾನಪ್ಪನ ಕೈಗೆ ಕೊಟ್ಟರು.

"ಒಂದು ಅಂದ್ರ... ಬರೇ ಒಂದ್ರಿ?"

"ಹುಡುಗಿ ಶಾಣ್ಯಾ ಅದಾಳ ದಾನಪ್ಪ, ಇಲ್ಲ ಅನ್ನಂಗಿಲ್ಲ," ಚನ್ನಬಸಪ್ಪನವರು ದನಿಗೆ ಜೇನು ಸವರಿಕೊಂಡರು. "ಆದರ ನಿಗಾ ಇಲ್ಲ. ಮ್ಯಾಲಿಂದ ತನ್ನ ತಪ್ಪಿಗೆ ಕಾರಣಾನೂ ಹುಟ್ಟಸ್ತಾಳ. ಇಂಥಾವು ನಾ ಭಾಳ ನೋಡೀನಿ. ನಾಕು ತಗೊಂಡ್ರ ಡಿಸೆಂಬರದಾಗ ಕೈ ಬಿಟ್ಟು ಕೂಡ್ತಾವ. ಆವಾಗ ನೀವು ಯಾವ ಶಿಫ್ಟಿನಾಗ ಇರ್ತೀರಿ? ಯಾರು ನೋಡ್ಕೋಬೇಕು ಈಕಿನ್ನ?"

ಶಿಫ್ಟಿನ ಮಾತು ನಾಟಬೇಕಾದ ಕಡೆಯೇ ನಾಟಿತು. ದಾನಪ್ಪನ ಮುಖ ಕಪ್ಪಿಟ್ಟಿತು. ಅಪ್ಪಾ, ಐ ವಾಸ್ ರೈಟ್, ಎಂದು ಹುಡುಗಿ ಎದ್ದು ನಿಂತಳು. "ಅಜ್ಜಗ ಗೊತ್ತಾಗೇದ. ಹೀ ನೋಸ್. ಅವರ ಮುಖಾ ನೋಡ್ರಿ!"

"ಹಿರಿಯಾರಿಗೆ ಎದುರುತ್ರಾ ಕೊಡ್ತಿಯೇನ?" ದಾನಪ್ಪ ಗದರಿದ. ಟೀಪಾಯಿಯ ಮೇಲೆ ಫಾರ್ಮು ಇಟ್ಟು, ಚನ್ನಬಸಪ್ಪನವರದೇ ಪೆನ್ನು ಕೇಳಿ ಇಸಿದುಕೊಂಡು, ಮೂರು ಸಾಲುಗಳ ಮೇಲೆ ಗೀಟು ಎಳೆದ. ಪೆನ್ಸಿಲಿನ ಬರಹದ ಮೇಲೆ ಶಾಯಿ. ಯಾವುದನ್ನು ಉಳಿಸಬೇಕೆಂದು ಮಗಳನ್ನು ಕೇಳಲಿಲ್ಲ, ಮೇಲಿನದನ್ನೇ ಬಿಟ್ಟ, ಕ್ಯಾಲ್ಕುಲಸ್ ಉಳಿಯಿತು. ಆಮೇಲೆ ತನ್ನ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಸಹಿ ಮಾಡಿದ. ಲೈನಿನ ಮೇಲೆ ದಿನಕ್ಕೆ ನೂರಾರು ಬಾಗಿಲು ಜೋಡಿಸುವ ಕೈ ಅದು, ಒಂದು ಸಹಿಗೆ ಅಷ್ಟು ಹೊತ್ತು ತೆಗೆದುಕೊಂಡಿತು. ಗುರುಬಸವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮಸ್ಕಾರ ಮಾಡು," ದಾನಪ್ಪ ಎಂದ. "ತಪ್ಪಾತು ಅನ್ನು."

ಬೇಡ ಬೇಡ ಎನ್ನಬಹುದಿತ್ತು. ಚನ್ನಬಸಪ್ಪನವರು ಪಾದ ಎರಡನ್ನೂ ಒಂದಿಷ್ಟು ಮುಂದೆ ಸರಿಸಿದರು. ಹುಡುಗಿ ಬಗ್ಗಿ ಮುಟ್ಟಿದಳು, ಬೆರಳು ಕೊರೆಯುತ್ತಿದ್ದವು. ತಪ್ಪಾತು ಎನ್ನಲಿಲ್ಲ. "ಶಾಣ್ಯಾಕಿ ಆಗವಾ," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಕೂದಲ ಬುಡದಲ್ಲಿ ಅವಳು ನಡುಗುತ್ತಿದ್ದದ್ದು ಅಂಗೈಗೆ ತಿಳಿಯಿತು. ಅದು ಅವರಿಗೆ ಹಿತವಾಗಿತ್ತು, ಮತ್ತು ಹಿತವಾಗಿದ್ದಕ್ಕೆ ಹೇಸಿಗೆಯೂ ಆಯಿತು. ಎರಡೂ ಒಟ್ಟಿಗೆ.

ಅವರ ಕಾರು ಹಿಮದ ಗುಡ್ಡೆ ದಾಟಿ ರಸ್ತೆಗೆ ಇಳಿಯುವ ತನಕ ವಸುಧಾ ಕಿಟಕಿಯ ಹತ್ತಿರ ನಿಂತಿದ್ದಳು. ಆಮೇಲೆ ಒಳಗೆ ಬಂದು, ಯಾರೂ ಮುಟ್ಟದ ಅವಲಕ್ಕಿಯ ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದಳು. ಟೀಪಾಯಿಯ ಮೇಲೆ 1 ಎಂದು ಬರೆದ ಚೀಟಿ ಹಾಗೆಯೇ ಬಿದ್ದಿತ್ತು. ದೇವರ ಜಗಲಿಗೆ ಯಾರೂ ಒಯ್ದಿರಲಿಲ್ಲ. ಅಪ್ಪ ಮಗಳು ಇಬ್ಬರೂ ಅದನ್ನು ನೋಡಿದರು. ಚನ್ನಬಸಪ್ಪನವರಿಗೆ ಏನಾದರೂ ಮಾತಾಡಬೇಕೆನಿಸಿತು. ಈ ಮನೆಯಲ್ಲಿ ಅವರಿಗೆ ಏನಾದರೂ ಹೇಳಿಕೊಳ್ಳುವುದಿದ್ದರೆ ಇವಳೊಬ್ಬಳೇ.

"ಆ ಹುಡುಗಿ ಹೇಳಿದ್ದು ಕೇಳಿದೇನು?"

"ಕೇಳಿದೆ."

"ಖರೆ ಅದ ಅದು. ನಲವತ್ನಾಕು." ಹೇಳಿ ಮುಗಿಸಿದಾಗ ಅವರಿಗೆ ತಾವು ಬಹಳ ದೊಡ್ಡ ಕೆಲಸ ಮಾಡಿದ ಹಾಗೆನಿಸಿತು. ವಸುಧಾ ತಟ್ಟೆಗಳನ್ನು ಕೈಗೆತ್ತಿಕೊಂಡಳು. ಅವಳಿಗೆ ಆಶ್ಚರ್ಯವೇ ಆಗದಿದ್ದದ್ದು ಕಂಡು, "ನಿನಗ ಮೊದಲ ಗೊತ್ತಿತ್ತೇನು?" ಎಂದರು.

"ಎಂಬತ್ತೊಂದರಿಂದ."

"ಮತ್ತ ಯಾಕ ಹೇಳಲಿಲ್ಲ ನೀ?"

"ಹೇಳಿದ್ನಲ್ಲಪ್ಪಾ," ವಸುಧಾ ಎಂದಳು. "ಆ ಕುರ್ಚಿ ಮ್ಯಾಲ ಕೂತ ಹೇಳಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ಇವತ್ತು ಇಲ್ಲ, ಮಂಗಳವಾರ ಬನ್ನಿ ಎಂದು ಫೋನಿನಲ್ಲಿ ಹೇಳುವ ದನಿ. ತಟ್ಟೆಗಳನ್ನು ಒಳಗಿಟ್ಟು ಬಂದು, ಅವರ ಮುಂದೆ ಕಾರ್ಡ್‌ಲೆಸ್ ಫೋನು ಇಟ್ಟಳು. ಚೀಟಿಯ ಪ್ಯಾಡು ಎಳೆದುಕೊಂಡು ಮೇಲಿನ ಹಾಳೆಯಲ್ಲಿ ದಾನಪ್ಪನ ನಂಬರು ಬರೆದಳು, ಮನೆಯದಲ್ಲ, ಸೆಲ್ಲಿನದು. "ಇನ್ನ ದಾರ್ಯಾಗ ಇರ್ತಾರ. ಸೋಮವಾರ ಮುಂಜಾನೆ ತನಕಾ ಟೈಮ್ ಅದ. ಹೊಸ ಫಾರ್ಮು ಸಾಲ್ಯಾಗ ಕೊಡ್ತಾರ. ನಾಕು ಅಂತ ಒಂದ ಮಾತು ಹೇಳ್ರಿ, ಸಾಕು. ತಪ್ಪು ನಂದು ಅಂತ ಅನ್ನೂದೂ ಬ್ಯಾಡ." ಇಷ್ಟು ಉದ್ದ ಮಾತನ್ನು ಅವಳು ಅವರ ಎದುರು ಆಡಿ ವರ್ಷಗಳಾಗಿದ್ದವು. ಅವರು ಫೋನು ಕೈಗೆತ್ತಿಕೊಂಡರು. ನಂಬರಿನ ಮೊದಲ ಮೂರು ಅಂಕಿ ಒತ್ತಿದರು. ಏನು ಹೇಳುವುದು? ಒಂದಲ್ಲ ನಾಲ್ಕು ಎಂದರೆ ಯಾಕೆ ಎಂದು ದಾನಪ್ಪ ಕೇಳುವುದಿಲ್ಲ, ಅವನಿಗೆ ಅಷ್ಟು ಧೈರ್ಯವಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಆ ಹುಡುಗಿ ಕೂತಿರುತ್ತಾಳೆ. ಹೀ ನೋಸ್ ಎನ್ನುತ್ತಾಳೆ. ಇಲ್ಲವೆ ಏನೂ ಅನ್ನದೆ ಕಿಟಕಿಯ ಹೊರಗೆ ನೋಡಿ ಸಣ್ಣಗೆ ನಗುತ್ತಾಳೆ. ಮುಂದಿನ ಯುಗಾದಿಗೆ ಕನ್ನಡ ಸಂಘದ ಊಟದ ಸಾಲಿನಲ್ಲಿ, ತಟ್ಟೆ ಹಿಡಿದು ನಿಂತ ಎಲ್ಲರಿಗೂ ಗೊತ್ತಾಗಿರುತ್ತದೆ. ಫೋನು ಬಹಳ ಹೊತ್ತು ಸುಮ್ಮನಿದ್ದು ಕೊಯ್ಯೆಂದು ಕೂಗತೊಡಗಿತು. ಕೆಳಗಿಟ್ಟರು. ವಸುಧಾ ಬಾಗಿಲಿನಲ್ಲಿ ನಿಂತೇ ಇದ್ದಳು.

ನಾಲ್ಕಕ್ಕೆ ಸರಿಯಾಗಿ ಬೆಲ್ಲಾಯಿತು. ರಾಧಿಕಾ ಬೆಂಗಳೂರಿನವಳು, ಬ್ಯಾಂಕಿನಲ್ಲಿ ಕೆಲಸ. ಒಳಗೆ ಕಾಲಿಡುತ್ತಲೇ, "ಸರ್, ನಿಮ್ಮ ಹತ್ರ ತೋರಿಸ್ದೆ ನಾವು ಏನೂ ಫಿಲ್ ಮಾಡಿಲ್ಲ. ಐದು ಎಪಿ ತಗೊಳ್ಳಿ ಅಂತ ಎಲ್ರೂ ಹೇಳ್ತಿದಾರೆ, ನನಗೆ ಭಯ. ಹೋದ ಟರ್ಮ್ ಇವನಿಗೆ ಮ್ಯಾಥ್ಸಲ್ಲೇ ಅರವತ್ತೆಂಟು," ಎಂದಳು. ಮಗ ಕರಣ್, ಉದ್ದ ಕಾಲಿನ ಹುಡುಗ, ಬೆತ್ತದ ಕುರ್ಚಿಯಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಇವನಿಗೆ ಒಂದೂ ಹೆಚ್ಚು ಎಂದು ನೋಡಿದರೇ ತಿಳಿಯುತ್ತಿತ್ತು. ಚನ್ನಬಸಪ್ಪನವರು ಗಡಿಯಾರದ ಕಡೆ ಕೈಯೆತ್ತಿದರು. ಪ್ರಶ್ನೆ ಅರ್ಧಕ್ಕೆ ಬಂದಿತ್ತಷ್ಟೆ.

"ಫಾರ್ಟಿ ಎಯ್ಟ್," ಎಂದ ಕರಣ್. ಎಂದು ಅಮ್ಮನ ಕಡೆ ನೋಡಿದ. ರಾಧಿಕಾ ನೆಲ ನೋಡಿದಳು.

ಕಾರಿನಲ್ಲಿ ಬಾಯಿಪಾಠ ಮಾಡಿಸಿ ಕರೆತಂದಿದ್ದಾಳೆ. ಅಂದರೆ ಉತ್ತರ ಊರೆಲ್ಲ ಹಬ್ಬಿದೆ, ಎಷ್ಟು ವರ್ಷದಿಂದಲೋ ಏನೋ. ಚನ್ನಬಸಪ್ಪನವರಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ ಮಗಳ ಕಣ್ಣು ತಮ್ಮ ಕೆನ್ನೆಯ ಮೇಲಿರುವುದು ಗೊತ್ತಾಗುತ್ತಿತ್ತು. ಅವರು ಆ ಕಡೆ ತಿರುಗಲಿಲ್ಲ. ಎದ್ದು ಹುಡುಗನ ಹಿಂದೆ ಹೋಗಿ ನಿಂತರು. ಅವನ ಬೆನ್ನು ತೆಳ್ಳಗಿತ್ತು, ಅಂಗಿಯೊಳಗೆ ಎಲುಬು ಕೈಗೆ ಸಿಗುತ್ತಿದ್ದವು. "ಶಾಬ್ಬಾಸ್," ಎಂದು ತಟ್ಟಿದರು. ಹುಡುಗ ಬೆಚ್ಚಿದ. ಆಮೇಲೆ ಪ್ಯಾಡು ಎತ್ತಿಕೊಂಡು, ಮೇಲಿನ ಹಾಳೆಯಲ್ಲಿ ದಾನಪ್ಪನ ನಂಬರಿನ ಕೆಳಗೆ ಉಳಿದ ಜಾಗದಲ್ಲಿ 5 ಎಂದು ದೊಡ್ಡದಾಗಿ ಬರೆದು, ಹರಿದು, ಅವನಿಗೆ ಕೊಟ್ಟರು. ಮೇಲೆ ಬರೆದದ್ದು ಯಾರ ನಂಬರು ಎಂದು ಕರಣ್ ಕೇಳಿದ. ಅದು ಏನೂ ಅಲ್ಲ ಎಂದರು. ಹುಡುಗ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜಾಕೀಟಿನ ಜೇಬಿಗೆ ಹಾಕಿಕೊಂಡ. ವಸುಧಾ ಒಳಗೆ ಹೋಗಿ ಅವಲಕ್ಕಿ ಬಿಸಿಗೆ ಇಟ್ಟಳು.